ನೂರೈವತ್ತು ಗ್ರಾಂ

ಏಪ್ರಿಲ್ 3, ಸೋಮವಾರ. 78.4 ಕೆ.ಜಿ.

ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಿ ಬರೆದಿಡುವುದು ಬಾಕ್ಸಿಂಗ್ ಬಿಟ್ಟ ಮೇಲೂ ನನ್ನಲ್ಲಿ ಉಳಿದ ಒಂದೇ ಅಭ್ಯಾಸ. ನಾನು ನಡೆಸುವ ಸಾರ್ವಜನಿಕ ಸ್ನಾನಗೃಹದಲ್ಲಿ, ಬಟ್ಟೆ ಕಳಚುವ ಕೋಣೆಯ ಕನ್ನಡಿ ಪಕ್ಕ, ತೂಕದ ಯಂತ್ರ ಇದೆ. ಊರಿನವರಿಗೆ ನನಗಿಂತ ಅದರ ಮೇಲೆ ಹೆಚ್ಚು ನಂಬಿಕೆ. ಔಷಧಿ ಅಂಗಡಿಯ ಯಂತ್ರ ಮುಖಸ್ತುತಿ ಮಾಡುತ್ತದೆ, ಚಾಂಪಿಯನ್ ಸ್ನಾನಗೃಹದ್ದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ ಎನ್ನುತ್ತಾರೆ. ಹೆಂಡತಿ ಸುನ್ರೆ ಹೆಂಗಸರ ಕಡೆಯ ಬಾಗಿಲಲ್ಲಿ ಕೂರುತ್ತಾಳೆ, ನಾನು ಗಂಡಸರ ಕಡೆ. ಇಪ್ಪತ್ತೇಳು ವರ್ಷದ ಸಂಸಾರ ಒಂದೇ ಗೋಡೆಯ ಎರಡು ಬದಿಯಲ್ಲಿ ನಡೆದಿದೆ.

ಇಂದು ತಾಲ್ಲೂಕು ಕಚೇರಿಯ ಸಂಸ್ಕೃತಿ ವಿಭಾಗದ ಮುಖ್ಯಸ್ಥ ಬಾಂಗ್ ಬಂದಿದ್ದರು. ಕಚೇರಿಯ ವಿಷಯವನ್ನು ಅವರು ಯಾವಾಗಲೂ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿಯೇ ಹೇಳುವುದು. ಬತ್ತಲೆ ಕೂತವನಿಗೆ ಇನ್ನೊಬ್ಬ ಬತ್ತಲೆ ಕೂತವನು ಇಲ್ಲ ಎನ್ನುವುದು ಕಷ್ಟ.

"ಯಜಮಾನ್ರೇ, ನಿಮ್ಮ ಪ್ರತಿಮೆ ಮಾಡಿಸ್ತಾ ಇದ್ದೀವಿ. ಕಂಚಿಂದು."

"ನಾನಿನ್ನೂ ಸತ್ತಿಲ್ಲವಲ್ಲ."

"ಅದೇ ಅನುಕೂಲ. ಅಳತೆ ಸಿಗುತ್ತೆ."

ಬೆಳ್ಳುಳ್ಳಿಗೆ ಇಡೀ ಕೊರಿಯಾದಲ್ಲಿ ಹೆಸರಾದ ಊರು ನಮ್ಮದು; ಬಸ್ ನಿಲ್ದಾಣದ ವೃತ್ತದಲ್ಲಿ ನಮ್ಮೂರಿನ ಹೆಮ್ಮೆಯ ಕಂಚಿನ ಬೆಳ್ಳುಳ್ಳಿ ಇದೆ, ಆರು ಮೀಟರ್ ಎತ್ತರ. ನಾನು ಅದರ ಎದುರಿಗೆ ನಿಲ್ಲಬೇಕಂತೆ. "ಬೆಳ್ಳುಳ್ಳಿಗಿಂತ ಎತ್ತರ ಮಾಡೋಹಾಗಿಲ್ಲ, ಬೆಳೆಗಾರರ ಸಂಘದವರು ಒಪ್ಪಲ್ಲ" ಎಂದರು. ನನ್ನ ಎತ್ತರ ನೂರೈವತ್ತೆಂಟು ಸೆಂಟಿಮೀಟರ್. ಬೆಳ್ಳುಳ್ಳಿಗೆ ನನ್ನಿಂದ ಅಪಾಯವಿಲ್ಲ ಎಂದೆ.

"ಎಂಬತ್ತೈದರ ಏಷ್ಯಾ ಫೈನಲ್‌ನಲ್ಲಿ ಗೆದ್ದಿರಲ್ಲ, ಆ ಹೊಡೆತವನ್ನೇ ಮಾಡಿಸೋಣ ಅಂತ ತಾಲ್ಲೂಕು ಅಧ್ಯಕ್ಷರ ಆಸೆ. ಯಾವ ಕೈ ಅದು?"

ತಂಬಿಗೆ ತುಂಬ ನೀರು ತೆಗೆದು ತಲೆಯ ಮೇಲೆ ಸುರಿದುಕೊಂಡೆ. ನೀರು ಬೀಳುತ್ತಿರುವಾಗ ಯಾರೂ ಉತ್ತರ ನಿರೀಕ್ಷಿಸುವುದಿಲ್ಲ.

ಏಪ್ರಿಲ್ 19, ಬುಧವಾರ. 78.6 ಕೆ.ಜಿ.

ವಾರದ ರಜೆ. ಸ್ನಾನಗೃಹದ ಮೂಲೆಯಲ್ಲೇ ಕುರ್ಚಿ ಹಾಕಿಕೊಂಡಿರುವ ಕ್ಷೌರಿಕ ಪ್ಯೋ ಅಣ್ಣ ನನ್ನ ತಲೆಗೂದಲು ಕತ್ತರಿಸಿದರು. ಅವರಿಗೆ ಅರವತ್ತೊಂಬತ್ತು.

"ಎಡಗೈ ಹುಕ್ಕು ಕಣೋ, ಪಕ್ಕದಿಂದ ಬೀಸಿದ್ದು. ನಾನು ಟೀವಿಲಿ ನೋಡಿದ್ದೀನಿ. ಆ ಮಂಗೋಲಿಯಾದವನ ಮೊಣಕಾಲು ಹೀಗೆ ಬಾಗಿತು" ಎಂದು ಕತ್ತರಿ ಹಿಡಿದೇ ಬಾಗಿ ತೋರಿಸಿದರು. "ಅವತ್ತು ಇಡೀ ಕೇರಿ ನನ್ನ ಅಂಗಡಿಯಲ್ಲಿತ್ತು. ನೀನೇ ಇರ್ಲಿಲ್ಲ."

"ನಾನು ಅಲ್ಲಿದ್ದೆನಲ್ಲ ಅಣ್ಣ."

"ಅದೇ ಹೇಳಿದ್ದು. ಇಲ್ಲಿದ್ದಿದ್ರೆ ಚೆನ್ನಾಗಿ ಕಾಣ್ತಿತ್ತು."

ಇಲ್ಲಿ ಬರೆದರೆ ಯಾರೂ ಓದುವುದಿಲ್ಲ. ಆ ಫೈನಲ್ ನಡೆಯಲೇ ಇಲ್ಲ. ಮಂಗೋಲಿಯಾದ ಲುವ್ಸಾನ್ ಆ ಬೆಳಿಗ್ಗೆ ತೂಕದಲ್ಲಿ ನೂರೈವತ್ತು ಗ್ರಾಂ ಹೆಚ್ಚಿದ್ದ. ನಲವತ್ತೆಂಟು ಕೆ.ಜಿ. ವಿಭಾಗ, ನಲವತ್ತೆಂಟೆಂದರೆ ನಲವತ್ತೆಂಟೇ. ಒಂದು ಗಂಟೆ ಸಮಯ ಕೊಟ್ಟರು, ಇಳಿಯಲಿಲ್ಲ, ಅವನನ್ನು ಹೊರಗಿಟ್ಟರು. ಎದುರಾಳಿ ಬಾರದಿದ್ದರೂ ಗೆದ್ದವನು ಪೂರ್ತಿ ಉಡುಪಿನಲ್ಲಿ ರಿಂಗ್ ಹತ್ತಬೇಕೆಂಬುದು ನಿಯಮ. ಗ್ಲೌಸ್ ಕಟ್ಟಿಕೊಂಡು, ತಲೆಗವಚ ಹಾಕಿಕೊಂಡು, ಖಾಲಿ ಮೂಲೆಯನ್ನು ನೋಡುತ್ತ ನಿಂತೆ. ಗಂಟೆ ಒಂದು ಸಲ ಬಾರಿಸಿದರು. ರೆಫರಿ ನನ್ನ ಕೈ ಎತ್ತಿದ. ಜನ ಚಪ್ಪಾಳೆ ತಟ್ಟಿದರು, ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

ಸೆಮಿಫೈನಲ್‌ವರೆಗಿನ ನಾಲ್ಕು ಪಂದ್ಯ ನಾನು ಆಡಿಯೇ ಗೆದ್ದದ್ದು. ಅವುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಲುವ್ಸಾನ್‌ಗೆ ಅದಕ್ಕೂ ಮುಂಚೆ ಎರಡು ಸಲ ಸೋತಿದ್ದೆ. ಅದನ್ನೂ ಯಾರೂ ಕೇಳುವುದಿಲ್ಲ.

ಮೇ 2, ಮಂಗಳವಾರ. 78.1 ಕೆ.ಜಿ.

ಪ್ರತಿಮಾ ಸಮಿತಿಯ ಸಭೆ. ಐದು ಜನ: ಬಾಂಗ್, ಬೆಳ್ಳುಳ್ಳಿ ಬೆಳೆಗಾರರ ಸಂಘದ ಅಧ್ಯಕ್ಷ, ಪ್ಯೋ ಅಣ್ಣ, ಫೋಟೋ ಸ್ಟುಡಿಯೋದವನು, ಶಾಲೆಯ ವ್ಯಾಯಾಮ ಶಿಕ್ಷಕ. ಚರ್ಚೆ ಎರಡು ಗಂಟೆ ನಡೆಯಿತು. ಶಿಕ್ಷಕ ಬಲಗೈಯೇ ಎಂದು ಮೇಜು ಗುದ್ದಿದ. ಅವನು ಹುಟ್ಟಿದ್ದು ಆ ಪಂದ್ಯದ ಮೂರು ವರ್ಷದ ನಂತರ. ಕೊನೆಗೆ ಮತಕ್ಕೆ ಹಾಕಿದರು. ಮೂರು–ಎರಡು, ಎಡಗೈ ಗೆದ್ದಿತು. ನನ್ನ ಎಡಗೈ ಜೀವಮಾನದಲ್ಲಿ ಒಬ್ಬನನ್ನೂ ಅಲುಗಾಡಿಸಿದ್ದಲ್ಲ.

ಹೇಳಿಬಿಡೋಣ ಎಂದು ಎದ್ದು ನಿಂತೆ. "ಆ ದಿನ ನಿಜವಾಗಿ..." ಎಂದೆ.

"ಸಾಕು ಮಾಡಿ ಚಾಂಪಿಯನ್, ಎಷ್ಟಂತ ವಿನಯ" ಎಂದರು ಬೆಳ್ಳುಳ್ಳಿಯವರು.

"ಅಲ್ಲದೆ ನಿಮಗೆ ಮತ ಇಲ್ಲ" ಎಂದರು ಬಾಂಗ್. "ಸಂಬಂಧಪಟ್ಟವರು ಭಾಗವಹಿಸಬಾರದು ಅಂತ ನಿಯಮ."

ಕೂತೆ.

ಮೇ 15, ಸೋಮವಾರ. 77.5 ಕೆ.ಜಿ.

ಗುರುಗಳ ದಿನ. ಕೆಂಪು ಕಾರ್ನೇಷನ್ ಹೂ ತೆಗೆದುಕೊಂಡು ಗುಡ್ಡದ ಮೇಲಿನ ವೃದ್ಧಾಶ್ರಮಕ್ಕೆ ಹೋದೆ. ನನ್ನ ಕೋಚ್ ಗು ಮೇಷ್ಟ್ರಿಗೆ ಎಂಬತ್ತನಾಲ್ಕು. ಆ ಬೆಳಿಗ್ಗೆ ತೂಕದ ಕೋಣೆಯಲ್ಲಿ ನನ್ನ ಪಕ್ಕ ಇದ್ದವರು ಅವರೊಬ್ಬರೇ. ಅವರು ಸಮಿತಿಗೆ ಒಂದು ಮಾತು ಹೇಳಿದರೆ ಮುಗಿಯಿತು, ಸಂಬಂಧಪಟ್ಟವರು ಎಂದು ಅವರ ಬಾಯಿ ಮುಚ್ಚಿಸುವ ಧೈರ್ಯ ಯಾರಿಗೂ ಇಲ್ಲ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ.

"ಮೇಷ್ಟ್ರೇ, ಅವತ್ತು ಲುವ್ಸಾನ್ ರಿಂಗಿಗೆ ಬರ್ಲಿಲ್ಲ ಅಲ್ವಾ?"

ಹೂವನ್ನು ಪಕ್ಕಕ್ಕಿಟ್ಟರು. ಆಮೇಲೆ ಅವರ ಕಣ್ಣು ಹೊಳೆಯಿತು.

"ಬರ್ಲಿಲ್ವಾ? ಬಂದ ಕಣೋ ಕತ್ತೆ! ಎರಡನೇ ಸುತ್ತಲ್ಲಿ ಗಾರ್ಡ್ ಇಳಿಸಿದೆ ನೀನು. ಕಣ್ಣಿಗೆ ತಿಂದೆ. ಗೆದ್ದಿದ್ದೀಯಲ್ಲ, ಅವತ್ತು ಬೈಯೋದು ಬೇಡ ಅಂತ ಬಿಟ್ಟಿದ್ದೆ. ಏಳು, ಕೈ ಎತ್ತು!"

ಎದ್ದು, ಎರಡೂ ಮುಷ್ಟಿ ಮುಖಕ್ಕೆ ಅಡ್ಡ ಎತ್ತಿ, ಗಾರ್ಡ್ ಹಿಡಿದು ನಿಂತೆ. ನರ್ಸ್ ಔಷಧಿ ತಂದರೂ ಇಳಿಸಲು ಬಿಡಲಿಲ್ಲ. "ಮೇಲೆ! ಇನ್ನೂ ಮೇಲೆ! ಕೆನ್ನೆಗೆ ಅಂಟಿಸು!" ಹತ್ತು ನಿಮಿಷ ಹಾಗೇ ನಿಂತಿದ್ದೆ. ತಮ್ಮ ಮಗಳ ಹೆಸರು ನೆನಪಿಲ್ಲದ ಮನುಷ್ಯ.

ಅಂದು ಏನೂ ನಡೆಯಲಿಲ್ಲ ಎಂದು ನೆನಪಿಟ್ಟುಕೊಂಡವರು ಈಗ ಭೂಮಿಯ ಮೇಲೆ ಇಬ್ಬರೇ ಇರಬೇಕು. ಇನ್ನೊಬ್ಬ ಬದುಕಿದ್ದಾನೋ ಇಲ್ಲವೋ ತಿಳಿಯದು.

ತೋಳು ನೋಯುತ್ತಿದೆ. ಊಟ ಸೇರಲಿಲ್ಲ.

ಜೂನ್ 7, ಬುಧವಾರ. 75.9 ಕೆ.ಜಿ.

ಶಿಲ್ಪಿ ಬಂದಿದ್ದಳು. ನಾ ಹೆವೊನ್, ಮೂವತ್ತರ ಆಸುಪಾಸು, ಹೆಚ್ಚು ಮಾತಿಲ್ಲ. ರಜೆಯಾದ್ದರಿಂದ ಗಂಡಸರ ಕಡೆಯ ಕೋಣೆಯಲ್ಲೇ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಅಳತೆ ತೆಗೆದಳು. ಮುಖದ ಮೂಳೆ ಮಾತ್ರ ಉಪಯೋಗಕ್ಕೆ ಬರುತ್ತದೆ, ಉಳಿದದ್ದು ಹೊಸಬರು ಬಂದು ಸೇರಿಕೊಂಡ ಹಾಗಿದೆ ಎಂದಳು.

ಆಮೇಲೆ ಫೈನಲ್‌ನ ಫೋಟೋ ಮುಂದಿಟ್ಟಳು. ರೆಫರಿ ನನ್ನ ಕೈ ಎತ್ತಿರುವುದು. ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದಳು.

"ಮೂರು ಸುತ್ತು ಆಡಿದ ಮೇಲೆ ತೆಗೆದದ್ದಾ ಇದು?"

"ಪಂದ್ಯ ಮುಗಿದ ಮೇಲೆ ತೆಗೆದದ್ದು."

"ಬೆವರೇ ಇಲ್ಲವಲ್ಲ ಸರ್. ಅಂಗಿ ಇಸ್ತ್ರಿ ಮಾಡಿದ ಹಾಗಿದೆ."

ನಾನು ಸ್ಟೂಲಿನಿಂದ ಇಳಿದೆ.

"ನಾನು ಮಾಡ್ಬೇಕಾಗಿರೋದು ಪೆಟ್ಟು ತಿಂದವನ ಮುಖ" ಎಂದಳು. "ಈ ಮುಖಕ್ಕೆ ಅವತ್ತು ಯಾರೂ ಹೊಡೆದಿಲ್ಲ. ಹೇಗೆ ಮಾಡ್ಲಿ, ನೀವೇ ಹೇಳಿ."

ಬಾರ್ಲಿ ಚಹಾ ಕೊಟ್ಟೆ. ಕುಡಿದು ಹೋದಳು. ಮತ್ತೇನೂ ಕೇಳಲಿಲ್ಲ. ಯಾರಿಗೂ ಹೇಳುವವಳ ಹಾಗೆ ಕಾಣುವುದಿಲ್ಲ. ಅದರಿಂದ ಸಮಾಧಾನ ಆಗಬೇಕಿತ್ತು.

ಜುಲೈ 4, ಮಂಗಳವಾರ. 74.2 ಕೆ.ಜಿ.

ಲುವ್ಸಾನ್ ಬದುಕಿದ್ದಾನೆ.

ಬಾಂಗ್ ನನ್ನನ್ನು ಕೇಳದೆಯೇ ಮಂಗೋಲಿಯಾಕ್ಕೆ ಪತ್ರ ಬರೆದಿದ್ದರಂತೆ. ಸೋತವನೂ ಅನಾವರಣಕ್ಕೆ ಬಂದರೆ ಪತ್ರಿಕೆಯವರು ಬರುತ್ತಾರೆ, ಬಾಂಧವ್ಯ ಬೆಳೆಯುತ್ತದೆ, ಬೆಳ್ಳುಳ್ಳಿಯೂ ಆ ಕಡೆ ಹೋದೀತು. ಉತ್ತರ ಬಂದಿದೆ, ಎರಡೇ ಸಾಲು. ಬರುತ್ತೇನೆ. ಅವನ ತೂಕ ಈಗ ಎಷ್ಟು?

"ತಮಾಷೆ ಮನುಷ್ಯ" ಎಂದು ಬಾಂಗ್ ತೊಟ್ಟಿಯಲ್ಲಿ ನಕ್ಕರು. ನೀರು ಅಲುಗಾಡಿತು. "ಎಷ್ಟು ಅಂತ ಬರೀಲಿ?"

"ಬರೆಯೋದು ಬೇಡ. ಬಂದಾಗ ನೋಡ್ತಾನೆ."

ಸೆಕೆ ಹೆಚ್ಚಾಗಿದೆ. ಬೆಳಿಗ್ಗೆ ನದಿಯ ದಂಡೆಯ ಮೇಲೆ ನಡೆಯುವುದು ಆರಾಮ ಎನಿಸುತ್ತದೆ. ಇಂದು ಸ್ವಲ್ಪ ದೂರ ಓಡಿದೆ, ನಾಯಿಯೊಂದು ಅಟ್ಟಿಸಿಕೊಂಡು ಬಂತು ಎಂದು. ಸೇತುವೆ ದಾಟಿದ ಮೇಲೆ ನಾಯಿ ನಿಂತಿತು.

ಜುಲೈ 22, ಶನಿವಾರ. 72.0 ಕೆ.ಜಿ.

ಬೇಸಿಗೆಯ ನಡು ಸೆಕೆಯ ದಿನ. ಊರೆಲ್ಲ ಜಿನ್ಸೆಂಗ್ ಬೇರು ಹಾಕಿದ ಕೋಳಿ ಸಾರು. ಸುನ್ರೆ ಒಂದಿಡೀ ಮರಿಕೋಳಿಯನ್ನು ನನ್ನ ಮುಂದೆ ಇಟ್ಟಳು. ಹೊಟ್ಟೆಯಲ್ಲಿ ಅಕ್ಕಿ ತುಂಬಿ, ಕಾಲು ಮಡಚಿ, ಸಭ್ಯವಾಗಿ ಕೂತಿತ್ತು. ಮೂರು ಚಮಚ ಸಾರು ಕುಡಿದೆ.

"ಏನ್ರೀ, ಉಪ್ಪು ಹೆಚ್ಚಾಯ್ತಾ?"

"ಇಲ್ಲ, ಸೆಕೆ."

"ಸೆಕೆಗೇ ಅಲ್ವಾ ಇದನ್ನ ಮಾಡೋದು." ತಾನೇ ನನ್ನ ಕೋಳಿಯನ್ನೂ ತಿಂದಳು. ಎಲುಬು ಚೀಪುತ್ತ ಹೇಳಿದಳು: "ನಿಮ್ಮ ಪ್ಯಾಂಟು ಈ ತಿಂಗಳಲ್ಲಿ ಎರಡು ಸಲ ಸೊಂಟ ಹಿಡಿಸಿದೀನಿ. ಗಂಡಸರು ಈ ವಯಸ್ಸಲ್ಲಿ ತೆಳ್ಳಗಾದರೆ ಒಂದೋ ಕಾಯಿಲೆ, ಇಲ್ಲ ಇನ್ನೊಬ್ಬಳು. ಯಾವುದು?"

ಮಂಗೋಲಿಯಾದ ಒಬ್ಬ ಗಂಡಸು ಎಂದರೆ ನಂಬುತ್ತಿರಲಿಲ್ಲ. ತೂಕದ ಯಂತ್ರ ಕೆಟ್ಟಿರಬೇಕು ಎಂದೆ.

ಆಗಸ್ಟ್ 20, ಭಾನುವಾರ. 69.3 ಕೆ.ಜಿ.

ಬಾಯ್ಲರ್ ಕೋಣೆಯಲ್ಲಿ ಕೆಲಸ ಹೆಚ್ಚಾಗಿದೆ. ಬೆಳಿಗ್ಗೆ ಒಂದು ಗಂಟೆ, ಮಧ್ಯಾಹ್ನ ಒಂದು ಗಂಟೆ ಅಲ್ಲೇ ಇರಬೇಕಾಗುತ್ತದೆ. ಮಸಿ ತಾಗದಿರಲಿ ಎಂದು ಪೆಟ್ಟಿಗೆಯಿಂದ ಆ ಹಳದಿ ಅಂಗಿ ತೆಗೆದು ಹಾಕಿಕೊಂಡೆ.

ಪ್ಲಾಸ್ಟಿಕ್ಕಿನದ್ದು, ತೂಕ ಇಳಿಸುವಾಗ ಬೆವರು ಬರಲೆಂದು ಹಾಕಿಕೊಳ್ಳುವುದು. ಮಣಿಕಟ್ಟಿನಲ್ಲೂ ಸೊಂಟದಲ್ಲೂ ರಬ್ಬರು. ಬಿರುಕು ಬಿಟ್ಟಲ್ಲಿ ಟೇಪು ಹಚ್ಚಿದ್ದೇನೆ. ಹತ್ತು ನಿಮಿಷ ಓಡಿದರೆ ನೂರು ಗ್ರಾಂ ಹೋಗುತ್ತದೆ. ಇದು ನನಗೆ ಬಹಳ ಸರಿಯಾಗಿ ಗೊತ್ತು.

ಆ ಬೆಳಿಗ್ಗೆ ನಾನು ತೂಕ ಮುಗಿಸಿ ಮೆಟ್ಟಿಲ ಮೇಲೆ ಕೂತಿದ್ದೆ, ಇದೇ ಅಂಗಿಯಲ್ಲಿ. ಲುವ್ಸಾನ್ ಬರೀ ಮೈಯಲ್ಲಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ತಲೆಗೂದಲು ಬೋಳಿಸಿಕೊಂಡಿದ್ದ, ಅದರಿಂದ ಒಂದಿಷ್ಟು ಗ್ರಾಂ ಇಳಿಯಲಿ ಎಂದು. ಚರ್ಮ ಒಣಗಿತ್ತು. ಒಂದು ಹನಿ ಬೆವರು ಬರುತ್ತಿರಲಿಲ್ಲ. ನನ್ನ ಮುಂದೆ ನಿಂತ. ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದ. ಆಮೇಲೆ ತನ್ನ ಎದೆ ಮುಟ್ಟಿಕೊಂಡ. ಇನ್ನೂ ನಲವತ್ತು ನಿಮಿಷ ಇತ್ತು.

ನನಗೆ ಅರ್ಥವಾಯಿತು. ಗು ಮೇಷ್ಟ್ರು ಪಕ್ಕದಿಂದ ಮೆಲ್ಲಗೆ ಹೇಳಿದರು, "ಭಾಷೆ ಬರಲ್ಲ ಅನ್ನು." ನಾನು ತಲೆ ಅಲ್ಲಾಡಿಸಿದೆ. ಅರ್ಥವಾಗದವನ ಹಾಗೆ ನಕ್ಕೆ ಕೂಡ.

ಬಾಯ್ಲರ್ ಕೋಣೆಯಲ್ಲಿ ಅಂಥ ಸೆಕೆಯೇನೂ ಇಲ್ಲ ಇಂದು.

ಸೆಪ್ಟೆಂಬರ್ 12, ಮಂಗಳವಾರ. 67.8 ಕೆ.ಜಿ.

ಪ್ಯೋ ಅಣ್ಣ: "ಏನೋ ಇದು, ಕೆನ್ನೆಯಲ್ಲಿ ಸಾಬೂನು ನಿಲ್ಲಲ್ಲ, ಒಳಗೆ ಜಾರುತ್ತೆ."

ಚ್ಯೂಯಿಂಗ್ ಗಮ್ ಜಗಿದು ಲೋಟಕ್ಕೆ ಉಗುಳುವುದು ಹಲ್ಲಿಗೆ ಒಳ್ಳೆಯದು ಎಂದು ಎಲ್ಲೋ ಓದಿದ್ದೆ. ಪಂದ್ಯಕ್ಕೆ ತೂಕ ಇಳಿಸುವಾಗಲೂ ಹಾಗೇ ಉಗುಳುತ್ತಿದ್ದೆವು.

ಸೆಪ್ಟೆಂಬರ್ 30, ಶನಿವಾರ. 66.9 ಕೆ.ಜಿ.

ಅನಾವರಣದ ದಿನ ನಾನು ಮೂರು ನಿಮಿಷ ಮಾತಾಡಬೇಕಂತೆ. ಬಾಂಗ್ ಒಂದು ಭಾಷಣ ಬರೆದು ಕೊಟ್ಟರು. ಅದರಲ್ಲಿ ಬೆಳ್ಳುಳ್ಳಿ ಹನ್ನೊಂದು ಸಲ ಬರುತ್ತದೆ. ನಾನು ಬೇರೆಯದನ್ನು ಬರೆದೆ. ಐದು ಸಾಲು. ಪಂದ್ಯ ನಡೆಯಲಿಲ್ಲ. ಅವನು ಅಂಗಿ ಕೇಳಿದ. ನಾನು ಕೊಡಲಿಲ್ಲ. ಓದಿ ನೋಡಿದೆ, ನಲವತ್ತು ಸೆಕೆಂಡು ಸಾಕು. ಪ್ರತಿಮೆಯನ್ನು ಏನು ಮಾಡುತ್ತಾರೋ ಅವರಿಗೆ ಬಿಟ್ಟದ್ದು. ಸ್ನಾನಗೃಹದ ಹೆಸರು ಬದಲಿಸಬೇಕಾಗುತ್ತದೆ. ಸುನ್ರೆಗೆ ಮೊದಲೇ ಹೇಳಬೇಕು.

ಹೇಳಲಿಲ್ಲ.

ಅಕ್ಟೋಬರ್ 4, ಬುಧವಾರ. 66.6 ಕೆ.ಜಿ.

ಸುಗ್ಗಿ ಹಬ್ಬ. ಹಿರಿಯರಿಗೆ ಎಡೆ ಇಟ್ಟೆವು. ಅಕ್ಕಿ ಕಡುಬು ಒಂದು ತಿಂದೆ. ಅರ್ಧ.

ಅಕ್ಟೋಬರ್ 19, ಗುರುವಾರ. 65.4 ಕೆ.ಜಿ.

ಬಂದ.

ಬಾಂಗ್ ಅವರ ಕಾರು ಒಂದು ಕಡೆ ವಾಲಿಕೊಂಡು ಬಂತು. ಅದರಿಂದ ಲುವ್ಸಾನ್ ಮೂರು ಕಂತಿನಲ್ಲಿ ಇಳಿದ: ಮೊದಲು ಊರುಗೋಲು, ಆಮೇಲೆ ಹೊಟ್ಟೆ, ಕೊನೆಗೆ ಅವನು. ಮುಖ ಮಾತ್ರ ಅದೇ. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೊರಿಯನ್‌ನಲ್ಲೇ ಕೇಳಿದ:

"ಏನೋ, ಕಾಯಿಲೆಯಾ ನಿಂಗೆ?"

ಇಲ್ಲಿಂದ ಒಂದು ಗಂಟೆ ದಾರಿಯ ಪೀಠೋಪಕರಣ ಕಾರ್ಖಾನೆಯಲ್ಲಿ ಆರು ವರ್ಷ ದುಡಿದಿದ್ದನಂತೆ. ಭಾಷೆ ಅಲ್ಲಿಯದೇ. ಬೈಗುಳ ಸರಾಗ, ಮರ್ಯಾದೆಯ ಮಾತಿಗೆ ತಡವರಿಕೆ.

ಸಂಜೆ ಗಿರಾಕಿಗಳು ಹೋದ ಮೇಲೆ ಸ್ನಾನಕ್ಕೆ ಕರೆದೆ. ಬಟ್ಟೆ ಕಳಚಿದವನೇ ಸೀದಾ ತೂಕದ ಯಂತ್ರ ಹತ್ತಿದ. 104.6. ತಲೆ ಅಲ್ಲಾಡಿಸಿದ.

"ಇನ್ನೂ ರಿಪೇರಿ ಮಾಡಿಸಿಲ್ವಾ? ನೂರೈವತ್ತು ಗ್ರಾಂ ಜಾಸ್ತಿ ತೋರಿಸುತ್ತೆ ಇದು."

"ನಿನಗೆ ಹೇಗೆ ಗೊತ್ತು?"

"ಹನ್ನೊಂದು ವರ್ಷದ ಹಿಂದೆ ಬಂದಿದ್ದೆ. ನೀನೇ ಟವೆಲ್ ಕೊಟ್ಟೆ. ಕಾರ್ಖಾನೆಯಿಂದ ಐದು ಕೆ.ಜಿ. ತೂಕದ ಬಟ್ಟು ಚೀಲದಲ್ಲಿ ತಂದಿದ್ದೆ. ಇಟ್ಟು ನೋಡಿದೆ. ಐದು ಪಾಯಿಂಟ್ ಒಂದು ಐದು." ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿದ. "ಎಲ್ಲಿ ಹೋದ್ರೂ ನೋಡ್ತೀನಿ ನಾನು. ಇರ್ಕುಟ್ಸ್ಕ್‌ನಲ್ಲಿ ನೋಡಿದೀನಿ, ಬೀಜಿಂಗ್ ಸ್ಟೇಷನ್‌ನಲ್ಲಿ ನೋಡಿದೀನಿ. ಸರಿ ಇರೋ ಒಂದು ತಕ್ಕಡಿ ಇನ್ನೂ ಸಿಕ್ಕಿಲ್ಲ."

ಊರಿನವರು ನಂಬಿದ ಯಂತ್ರ. ಈ ಪುಸ್ತಕದ ಅಷ್ಟೂ ಅಂಕಿಗಳು. ಆ ಬೆಳಿಗ್ಗೆಯ ಯಂತ್ರದ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ತೊಟ್ಟಿಗಿಳಿದ. ಅರ್ಧ ನೀರು ಹೊರಗೆ ಹೋಯಿತು. ನಾಳೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದೆ. ಕಾಗದ ತಂದು ಓದಿದೆ. ಅಂಗಿಯ ಸಾಲೂ ಓದಿದೆ.

ಅವನ ಮುಖ ಬಿಳಿಚಿತು.

"ಬೇಡ ಕಣೋ. ನಾಳೆ ನಮ್ಮೂರಿಗೆಲ್ಲ ಫೋನಲ್ಲಿ ನೇರ ತೋರಿಸ್ತಾರಂತೆ, ಆ ಬಾಂಗ್ ಏರ್ಪಾಟು ಮಾಡಿದಾನೆ. ನಾನು ಊರಲ್ಲಿ ಹೇಳಿರೋದೇ ಬೇರೆ."

"ಏನು ಹೇಳಿದೀಯ?"

"ಸೋತೆ ಅಂತ. ಐವರು ತೀರ್ಪುಗಾರರಲ್ಲಿ ಮೂರು–ಎರಡು." ತಣ್ಣೀರನ್ನು ಮುಖಕ್ಕೆ ಎರಚಿಕೊಂಡ. "ರಿಂಗಲ್ಲಿ ಸೋತು ಬಂದವನಿಗೆ ಕುರಿ ಕೊಯ್ತಾರೆ. ತಕ್ಕಡಿ ಮೇಲೆ ಸೋತು ಬಂದವನಿಗೆ ಏನು ಕೊಯ್ತಾರೆ? ಹೆಂಡ್ತಿಗೆ, ಮಕ್ಕಳಿಗೆ, ಮೊಮ್ಮಕ್ಕಳಿಗೆ ಅದೇ ಹೇಳಿದೀನಿ. ಸುತ್ತು ಸುತ್ತಾಗಿ ಹೇಳಿದೀನಿ. ನಿನ್ನ ಎಡಗೈ ಹುಕ್ಕಿಗೆ ಬಿದ್ದೆ ಅಂತ."

"ನನ್ನ ಎಡಗೈಗಾ?"

"ಬಲಗೈ ಅಂದ್ರೆ ಯಾರು ನಂಬ್ತಾರೆ? ನೀನು ನಂಗೆ ಸೋತ ಎರಡು ಸಲವೂ ನಿನ್ನ ಬಲಗೈನ ಎಲ್ರೂ ನೋಡಿದ್ರಲ್ಲ."

ಹೊರಗೆ ಹೋದ ನೀರಿನ ಬದಲು ತೊಟ್ಟಿಗೆ ಬಿಸಿನೀರು ಬಿಟ್ಟೆ.

"ಆ ಅಂಗಿ ಇದ್ಯಾ?" ಎಂದ.

ಬಾಯ್ಲರ್ ಕೋಣೆಯಿಂದ ತಂದುಕೊಟ್ಟೆ. ಒಳಗಡೆ ನನ್ನ ಬೆಳಗಿನ ಬೆವರು ಇನ್ನೂ ಆರಿರಲಿಲ್ಲ. ಅವನು ತೋಳನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದ.

"ಅವತ್ತು ನಾನು ಕೇಳಿದ್ದು ನಿನಗೆ ಅರ್ಥ ಆಗಿತ್ತಾ?"

"ಆಗಿತ್ತು."

"ಆಗಿತ್ತು ಅಂತ ಗೊತ್ತಿತ್ತು. ನಿನ್ನ ಜಾಗದಲ್ಲಿ ನಾನಿದ್ರೂ ಕೊಡ್ತಿರ್ಲಿಲ್ಲ, ನಾಯಿಮಗನೇ." ತೊಡಲು ನೋಡಿದ. ಒಂದು ತೋಳು ಮೊಣಕೈವರೆಗೆ ಹೋಗಿ ನಿಂತಿತು. ಅದನ್ನು ಬಿಚ್ಚದೆ ಕೂತ. "ಎರಡನೇ ಸುತ್ತು ನಿಮ್ಮೂರಲ್ಲಿ ಹೇಗೆ ನಡೀತು? ನಾಳೆ ಪತ್ರಿಕೆಯವರು ಇಬ್ಬರನ್ನೂ ಕೇಳ್ತಾರೆ. ಹೊಂದ್ಬೇಕು."

ಬೆಳಿಗ್ಗೆ ಐದಕ್ಕೆ ಬಾ ಎಂದೆ. ಅನಾವರಣಕ್ಕಾಗಿ ನಾಳೆ ಸ್ನಾನಗೃಹಕ್ಕೆ ರಜೆ.

ಅಕ್ಟೋಬರ್ 20, ಶುಕ್ರವಾರ. 65.2 ಕೆ.ಜಿ. (65.05)

ಗ್ಲೌಸಿನ ಬದಲು, ಮೈಯುಜ್ಜುವ ಹಸಿರು ಕೈಗವಸುಗಳಿಗೆ ಒದ್ದೆ ಟವೆಲ್ ತುರುಕಿ ಮಣಿಕಟ್ಟಿಗೆ ಕಟ್ಟಿಕೊಂಡೆವು. ತೊಟ್ಟಿ ಮತ್ತು ನಲ್ಲಿಸಾಲಿನ ನಡುವೆ ಜಾಗ ಇದೆ. ಉಗಿಕೋಣೆಯ ಮರಳು ಗಡಿಯಾರವನ್ನು ಗೋಡೆಯಿಂದ ಬಿಚ್ಚಿ ತಂದು ಮಣೆಯ ಮೇಲಿಟ್ಟೆ. ಮೂರು ನಿಮಿಷದ್ದು. ಅವನು ತೂಕದ ಯಂತ್ರ ಹತ್ತಿ ಇಳಿದ, ನಾನೂ ಹತ್ತಿ ಇಳಿದೆ. ಮೂವತ್ತೊಂಬತ್ತು ಕೆ.ಜಿ. ಚಿಲ್ಲರೆ ವ್ಯತ್ಯಾಸ. ನಡೆಯುತ್ತದೆ ಎಂದು ಇಬ್ಬರೂ ಒಪ್ಪಿದೆವು.

ಮೊದಲ ಸುತ್ತಲ್ಲಿ ಮಾತೇ ಹೆಚ್ಚು. "ಇಲ್ಲಿ ನಾನು ಮುಂದೆ ಬಂದೆ." "ನಮ್ಮಲ್ಲಿ ನೀನು ಹಿಂದೆ ಹೋದೆ ಅಂತಾರೆ." "ಸರಿ, ಹಿಂದೆ ಹೋಗ್ತೀನಿ." ಮೆಲ್ಲಗೆ, ನಾಟಕದ ತಾಲೀಮಿನ ಹಾಗೆ. ನೆಲ ಒದ್ದೆ. ಮರಳು ಮುಗಿದದ್ದನ್ನು ಅವನು ಮೊದಲು ನೋಡಿ "ಗಂಟೆ" ಎಂದ.

ಎರಡನೇ ಸುತ್ತಿನಲ್ಲಿ ಅವನಿಗೆ ತನ್ನ ನೋಯುವ ಮೊಣಕಾಲುಗಳು ಮರೆತುಹೋದವು. ಆ ದೇಹದೊಳಗಿಂದ ನಲವತ್ತೆಂಟು ಕೆ.ಜಿ.ಯ ಮನುಷ್ಯ ಹೊರಗೆ ಬಂದ. ಇನ್ನು ಮಾತಿರಲಿಲ್ಲ. ಎರಡು ಸಲ ತಪ್ಪಿಸಿಕೊಂಡೆ, ಮೂರನೆಯದನ್ನು ಮೊಣಕೈಯಲ್ಲಿ ತಡೆದೆ. ಅವನು ಉಸಿರು ತೆಗೆದುಕೊಳ್ಳುವುದನ್ನು ನೋಡಿ ನಾನೂ ತೆಗೆದುಕೊಂಡೆ. ಕೈ ಇಳಿಯಿತು. ಅವನ ಬಲಗೈ ನನ್ನ ಎಡಗಣ್ಣಿಗೆ ಬಂತು. ಪೆಟ್ಟಿನ ಸದ್ದು ಟೈಲ್ಸ್ ಗೋಡೆಗಳಲ್ಲಿ ಓಡಾಡಿತು. ಗು ಮೇಷ್ಟ್ರು ಹೇಳಿದ್ದೇ.

ಮೂರನೇ ಸುತ್ತಿನಲ್ಲಿ ನಾನು ಎಡಗೈ ಬೀಸಿದೆ. ಯಾಕೆ ಎಂದು ಹೇಳಲಾರೆ, ಅದು ಬಂದಿತು. ಅವನ ದವಡೆಗೆ ತಗಲಿತು. ಅವನು ಆಶ್ಚರ್ಯದಿಂದ ನನ್ನ ಕೈಯನ್ನು ನೋಡುತ್ತ, ಮೊಣಕಾಲು ಬಾಗಿ, ಮೆಲ್ಲಗೆ ತೊಟ್ಟಿಯ ಅಂಚಿನ ಮೇಲೆ ಕೂತ. ಅಲ್ಲಿಂದ ಹಿಂದಕ್ಕೆ, ನೀರಿಗೆ.

ಕೈ ಕೊಟ್ಟು ಮೇಲೆತ್ತಲು ಹೋದೆ, ಆಗಲಿಲ್ಲ. ನಾನೂ ಒಳಗಿಳಿದೆ.

"ಮೂರು–ಎರಡು, ನೀನೇ ಗೆದ್ದೆ" ಎಂದ, ಏದುಸಿರು ಬಿಡುತ್ತ. "ಇಬ್ಬರು ತೀರ್ಪುಗಾರರು ಮಾತ್ರ ನಂಗೆ ಕೊಟ್ರು."

"ಯಾವ ಇಬ್ಬರು?"

"ನಾನು, ನೀನು."

ಏಳೂವರೆಗೆ ಸುನ್ರೆ ಬಂದು ಬಾಗಿಲಲ್ಲಿ ನಿಂತಳು. ನನ್ನ ಕಣ್ಣು ನೋಡಿದಳು, ಅವನ ದವಡೆ ನೋಡಿದಳು, ಕೈಗವಸುಗಳನ್ನು ನೋಡಿದಳು. "ಇದಾ ಇನ್ನೊಬ್ಬಳು" ಎಂದಳು. ಹೋಗಿ ಎಂಟು ಬೇಯಿಸಿದ ಮೊಟ್ಟೆ ತಂದಳು. ಮೂರು ಊತಕ್ಕೆ ಒತ್ತಿಕೊಳ್ಳಲು, ಐದು ತಿನ್ನಲು. ಐದರಲ್ಲಿ ಮೂರು ನಾನು ತಿಂದೆ.

ಹನ್ನೊಂದಕ್ಕೆ ಅನಾವರಣ. ಬಾಂಗ್ ನನ್ನ ಕಣ್ಣು ನೋಡಿ ಪೌಡರ್ ಹುಡುಕಲು ಓಡಿದರು, ಸಿಗಲಿಲ್ಲ. ಪ್ರತಿಮೆಯ ಮೇಲಿನ ಬಟ್ಟೆ ಸರಿಸಿದರು. ಬೆಳ್ಳುಳ್ಳಿಯ ನೆರಳಿನಲ್ಲಿ ಇಪ್ಪತ್ತೊಂದು ವರ್ಷದ ಸಣ್ಣ ಮನುಷ್ಯ ಎಡಗೈ ಬೀಸಿ ನಿಂತಿದ್ದ, ಮುಖದಲ್ಲಿ ಒಂದು ಗಾಯವಿಲ್ಲ. ಲುವ್ಸಾನ್ ಮೊದಲ ಸಾಲಿನಲ್ಲಿ ಎರಡು ಕುರ್ಚಿ ಜೋಡಿಸಿಕೊಂಡು ಕೂತಿದ್ದ. ಫೋನು ಅವನತ್ತ ತಿರುಗಿತ್ತು. ಹಳದಿ ಅಂಗಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದ.

ಕಾಗದ ಜೇಬಿನಲ್ಲಿತ್ತು. ತೆಗೆಯಲಿಲ್ಲ. ಹೀಗೆ ಹೇಳಿದೆ: "ಫೈನಲ್ ಬಹಳ ಕಷ್ಟದ ಪಂದ್ಯ. ಮೂವರು ತೀರ್ಪುಗಾರರು ನಾನು ಗೆದ್ದೆ ಅಂದರು. ಇಬ್ಬರು ಒಪ್ಪಲಿಲ್ಲ. ಒಪ್ಪದವರು ಹತ್ತಿರದಿಂದ ನೋಡಿದವರು."

ದೊಡ್ಡ ಚಪ್ಪಾಳೆ ಬಿತ್ತು. "ವಿನಯ ನೋಡ್ರಿ" ಎಂದರು ಬೆಳ್ಳುಳ್ಳಿಯವರು.

ಜನ ಚದುರಿದ ಮೇಲೆ ಶಿಲ್ಪಿ ಹತ್ತಿರ ಬಂದು ನನ್ನ ಕಣ್ಣನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಹೆಬ್ಬೆರಳಲ್ಲಿ ಊತದ ಅಂಚು ಅಳೆದಳು.

"ನಾಲ್ಕು ತಿಂಗಳು ಮುಂಚೆ ತರಬಾರದಿತ್ತಾ ಸರ್" ಎಂದಳು.

ಅಕ್ಟೋಬರ್ 23, ಸೋಮವಾರ.

ಲುವ್ಸಾನ್ ನಿನ್ನೆ ಹೊರಟ. ವಿಮಾನ ನಿಲ್ದಾಣದಲ್ಲಿ ಸಾಮಾನು ತೂಗುವ ಯಂತ್ರದ ಮೇಲೆ ಮೊದಲು ತಾನೇ ನಿಂತನಂತೆ. ಬಾಂಗ್ ಹೇಳಿದರು.

ಬೆಳಿಗ್ಗೆ ತಡವಾಗಿ ಎದ್ದೆ. ಸುನ್ರೆ ಸೋಯಾ ಸಾರು ಮಾಡಿದ್ದಳು, ಎರಡು ಬಟ್ಟಲು ಅನ್ನ ಉಂಡೆ. ಆಮೇಲೆ ಪ್ಯೋ ಅಣ್ಣನ ಕುರ್ಚಿಯಲ್ಲಿ ಕೂತೆ. ಅವರು ನನ್ನ ಗಲ್ಲ ಹಿಡಿದು ಮುಖವನ್ನು ಕನ್ನಡಿಯತ್ತ ತಿರುಗಿಸಿದರು. ಕಣ್ಣಿನ ಸುತ್ತಲಿನ ಊತ ಈಗ ಹಸಿರು ಬಣ್ಣಕ್ಕೆ ತಿರುಗಿದೆ.

"ನೋಡು, ಅದೇ ಕಣ್ಣು. ಅವತ್ತೂ ಅದೇ ಕಣ್ಣಿಗೇ ತಿಂದಿದ್ದೆ. ಮೂರನೇ ಸುತ್ತು."

"ಇಲ್ಲ ಅಣ್ಣ, ಎರಡನೇ ಸುತ್ತು. ಮುಗಿಯೋಕೆ ಇನ್ನೊಂದು ನಿಮಿಷ ಇತ್ತು. ಗಾರ್ಡ್ ಇಳಿಸಿಬಿಟ್ಟೆ."

ಪ್ಯೋ ಅಣ್ಣ ಕತ್ತರಿ ಕೆಳಗಿಟ್ಟರು.

"ನಿಂಗೇನೋ ಗೊತ್ತು? ಟೀವಿಲಿ ನೋಡಿದವನು ನಾನು."